ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಮನೆ ನಡೆಸಲು ಎಷ್ಟು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಗಾವಣೆ ಆದವರು, ಮಕ್ಕಳನ್ನು ಕಾಲೇಜಿಗೆ ಸೇರಿಸುವವರು, ಬೆಂಗಳೂರು ಬಿಟ್ಟು ಊರಿಗೆ ಮರಳಬೇಕು ಅಂದುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಬಾಡಿಗೆ, ತರಕಾರಿ ರೇಟು ತಿಂಗಳಿಗೊಂದು ಥರ ಇರುತ್ತವೆ. ಹಾಗಾಗಿ ಇವತ್ತಿನ ರೇಟಿನ ಪಟ್ಟಿ ಕೊಟ್ಟಿಲ್ಲ. ಯಾವ ಖರ್ಚು ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ, ಯಾಕೆ ಅನ್ನುವುದನ್ನು ಹೇಳಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಬೆಂಗಳೂರಿಗಿಂತ ನಮ್ಮ ಕಡೆ ಖರೇನ ಸೋವಿ ಐತೇನ್ರಿ?

ಹೌದು. ಆದರೆ ಎಲ್ಲವೂ ಸೋವಿ ಅಲ್ಲ. ದೊಡ್ಡ ಉಳಿತಾಯ ಮನೆ ಬಾಡಿಗೆಯಲ್ಲಿ. ಅದರ ನಂತರ ದಿನದ ಓಡಾಟ, ಹೊರಗಿನ ಊಟ, ಮನೆಗೆಲಸದವರ ಸಂಬಳ. ಇವು ಊರಿನ ಜಾಗದ ಬೆಲೆ, ಊರಿನ ಕೂಲಿ ನೋಡಿಕೊಂಡು ನಿಲ್ಲುವ ಖರ್ಚುಗಳು.

ಮೊಬೈಲ್ ರೀಚಾರ್ಜ್, ಔಷಧಿ, ಟಿವಿ, ಫ್ರಿಜ್, ಬೈಕು, ಬ್ರಾಂಡಿನ ಸೋಪು, ಎಣ್ಣೆ ಪ್ಯಾಕೆಟ್ಟು ಇವೆಲ್ಲ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ನಂದಿನಿ ಹಾಲಿಗೆ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಬೆಂಗಳೂರಿನವರಿಗೂ ಏರಿತು, ವಿಜಯಪುರ ಜಿಲ್ಲೆಯ ಇಂಡಿ ಊರಿನವರಿಗೂ ಏರಿತು. ಇಂಡಿ ಊರಿನ ಕೂಲಿಯವರ ಕೈಗೆ ಬರುವ ದುಡ್ಡು ಬೆಂಗಳೂರಿನಷ್ಟಿಲ್ಲ. ಹಾಗಾಗಿ ಅದೇ 4 ರೂಪಾಯಿ ಅವರಿಗೆ ಜಾಸ್ತಿ ಭಾರ.

ಇನ್ನು ಕೆಲವು ಖರ್ಚು ನಮ್ಮ ಕಡೆಯೇ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ದೂರದಿಂದ ಬರುವ ಖರ್ಚು. ದೊಡ್ಡ ಆಸ್ಪತ್ರೆ ದೂರ, ಕೆಲವು ಕೋರ್ಸುಗಳು ದೂರ, ಒಳ್ಳೆಯ ನೌಕರಿ ದೂರ. ಬಾಡಿಗೆಯಲ್ಲಿ ಉಳಿದ ದುಡ್ಡಿನ ಒಂದು ಪಾಲು ಟಿಕೆಟ್ಟು, ಲಾಡ್ಜಿಗೆ ಹೋಗುತ್ತದೆ. ಈ ಭಾಗದ ಲೆಕ್ಕ ಹಾಕುವಾಗ ಜನ ಹೆಚ್ಚಾಗಿ ಮರೆಯುವುದು ಇದನ್ನೇ.

ಮೂರೂ ಊರಾಗ ಯಾವುದು ತುಟ್ಟಿ?

ಬೆಳಗಾವಿ. ಅದರಲ್ಲಿ ಅನುಮಾನ ಬೇಡ. ಮಿಲಿಟರಿ ಕ್ಯಾಂಪು, ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು, ಉದ್ಯಮಬಾಗದ ಫೌಂಡ್ರಿಗಳು, ಸಾಲದ್ದಕ್ಕೆ ತಂಪು ಹವೆ. ಹೊರಗಿನಿಂದ ಬಂದು ನೆಲೆಸುವವರು ಜಾಸ್ತಿ, ಮನೆಗೆ ಬೇಡಿಕೆಯೂ ಜಾಸ್ತಿ. ಬೆಳಗಾವಿ ಸುತ್ತಲಿನ ತರಕಾರಿ ಗೋವಾಕ್ಕೂ ಹೋಗುತ್ತದೆ. ಅಲ್ಲಿಯ ಬೇಡಿಕೆ ಇಲ್ಲಿಯ ರೇಟಿಗೂ ತಟ್ಟುತ್ತದೆ.

ವಿಜಯಪುರ ಮತ್ತು ಬಾಗಲಕೋಟೆ ನಡುವೆ ಬಾಡಿಗೆಯಲ್ಲಿ ಅಂಥ ದೊಡ್ಡ ಅಂತರ ಇಲ್ಲ. ವಿಜಯಪುರ ದೊಡ್ಡ ಊರು, ಆಯ್ಕೆ ಜಾಸ್ತಿ. ಬಾಗಲಕೋಟೆ ಚಿಕ್ಕದು, ಆದರೆ ಹರಡಿಕೊಂಡಿದೆ. ಅದಕ್ಕೆ ಗಾಡಿ ಬೇಕೇ ಬೇಕು.

ಬಾಡಿಗಿ ಮನಿ ಯಾವ ಏರಿಯಾದಾಗ ನೋಡೂದು?

ಬೆಳಗಾವಿಯಲ್ಲಿ ತಿಲಕವಾಡಿ, ಹಿಂದವಾಡಿ, ಸದಾಶಿವನಗರ, ಹನುಮಾನನಗರ ಕಡೆ ಬಾಡಿಗೆ ಮೇಲ್ಮಟ್ಟದಲ್ಲಿರುತ್ತದೆ. ನೆಹರುನಗರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು, ಆಸ್ಪತ್ರೆ ಸಿಬ್ಬಂದಿ ಇರುವುದರಿಂದ ಸಣ್ಣ ಮನೆಗೂ ಬೇಡಿಕೆ ಇದೆ. ಶಹಾಪುರ, ವಡಗಾವಿ, ಖಾಸಬಾಗ ನೇಕಾರರ ಹಳೇ ಬಡಾವಣೆಗಳು. ಅಲ್ಲಿ ಬಾಡಿಗೆ ಇಳಿಯುತ್ತದೆ. ಓಣಿ ಇಕ್ಕಟ್ಟು, ಕಾರು ನಿಲ್ಲಿಸಲು ಜಾಗ ಕಡಿಮೆ, ಮಗ್ಗದ ಸದ್ದು ಇರಬಹುದು. ಆದರೆ ಕಿರಾಣಿ, ಗಿರಣಿ, ದವಾಖಾನೆ ಎಲ್ಲ ಕಾಲ್ನಡಿಗೆಯಲ್ಲೇ ಸಿಗುತ್ತವೆ. ಕೆಲಸ ಉದ್ಯಮಬಾಗದಲ್ಲಿದ್ದರೆ ಅನಗೋಳ ಅಥವಾ ಮಚ್ಛೆ ಕಡೆ ನೋಡಿ. ತಿಲಕವಾಡಿಯಲ್ಲಿ ಮನೆ ನೋಡುವಾಗ ಎಷ್ಟನೇ ರೈಲ್ವೆ ಗೇಟ್ ಹತ್ತಿರ ಅಂತ ಕೇಳಿಕೊಳ್ಳಿ. ಅಲ್ಲಿಯವರು ವಿಳಾಸ ಹೇಳುವುದೇ ಹಾಗೆ.

ಬಾಗಲಕೋಟೆ ಎಂದರೆ ಈಗ ಮೂರು ತುಂಡು: ಹಳೇ ಊರು, ವಿದ್ಯಾಗಿರಿ, ನವನಗರ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ನವನಗರ. ಸೆಕ್ಟರ್ ನಂಬರಿನ ಲೆಕ್ಕದಲ್ಲಿ ಅಗಲ ರಸ್ತೆ, ಖುಲ್ಲಾ ಜಾಗ. ಜಿಲ್ಲಾ ಕಚೇರಿಗಳು ಅಲ್ಲೇ ಇವೆ. ಸರ್ಕಾರಿ ನೌಕರರಿಗೆ ನವನಗರ ಅನುಕೂಲ. ಕಾಲೇಜಿನವರಿಗೆ ವಿದ್ಯಾಗಿರಿ. ಹಳೇ ಪೇಟೆಯಲ್ಲಿ ಸಾಮಾನು ಸೋವಿ, ಆದರೆ ನವನಗರದಿಂದ ಅಲ್ಲಿಗೆ ವಾರಕ್ಕೊಮ್ಮೆ ಹೋಗಿಬರುವ ಪೆಟ್ರೋಲ್ ಸೇರಿಸಿ ನೋಡಿ.

ವಿಜಯಪುರದಲ್ಲಿ ಆಶ್ರಮ ರಸ್ತೆ, ಜಲನಗರ, ಸೊಲ್ಲಾಪುರ ರಸ್ತೆ ಕಡೆ ಬೇಡಿಕೆ ಇದೆ. ಮಹಿಳಾ ವಿಶ್ವವಿದ್ಯಾಲಯ ಇರುವುದು ತೊರವಿ ಹತ್ತಿರ, ಅಥಣಿ ರಸ್ತೆಯಲ್ಲಿ. ಅಲ್ಲಿ ಕೆಲಸ ಇದ್ದವರು ಊರಿನ ಆ ತುದಿಯಲ್ಲಿ ಮನೆ ಹುಡುಕುವುದು ಒಳ್ಳೆಯದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆರ್‌ಸಿಸಿ ಮನೆಯ ಮೇಲ್ಮಹಡಿ ಸೋವಿಗೆ ಸಿಕ್ಕಿತು ಅಂತ ಹಿಡಿಯಬೇಡಿ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಮೈಮೇಲೆ ಬೀಳುತ್ತದೆ. ಕೆಳಗಿನ ಮನೆಗೆ ತುಸು ಹೆಚ್ಚು ಬಾಡಿಗೆ ಕೊಟ್ಟರೂ ಅದು ಕೂಲರು, ಕರೆಂಟಿನಲ್ಲಿ ವಾಪಸ್ ಬರುತ್ತದೆ.

ಬೆಂಗಳೂರಿನ ಥರ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರಾ?

ಸಾಮಾನ್ಯವಾಗಿ ಇಲ್ಲ. ಡಿಪಾಸಿಟ್ ಚಿಕ್ಕದು, ಮಾತುಕತೆಗೂ ಜಾಗ ಇರುತ್ತದೆ. ಎಷ್ಟೇ ಪರಿಚಯದವರಾದರೂ ಕರಾರುಪತ್ರ ಮಾಡಿಸಿ. ಬಣ್ಣ ಬಳಿಯುವ ಖರ್ಚು ಯಾರದು, ನೀರಿನ ಬಿಲ್ ಯಾರದು ಅನ್ನುವುದನ್ನು ಅದರಲ್ಲೇ ಬರೆಸಿ.

## ತಿಂಗಳ ಖರ್ಚು

ಕಿರಾಣಿಗೆ ಎಷ್ಟು ಹಿಡೀಬೇಕು? ನಾವು ಅನ್ನ ತಿನ್ನೋರು, ಅಲ್ಲಿ ಬರೀ ರೊಟ್ಟಿ ಅಂತಾರೆ

ಊಟದ ಪದ್ಧತಿ ಊರಿಗೆ ಹೊಂದಿಕೊಂಡಷ್ಟೂ ಖರ್ಚು ಇಳಿಯುತ್ತದೆ. ಇಲ್ಲಿ ಬೆಳೆಯುವ ಜೋಳ, ತೊಗರಿ, ಕಡಲೆ, ಶೇಂಗಾ, ಉಳ್ಳಾಗಡ್ಡಿ ನಿಮ್ಮ ಅಡುಗೆಮನೆಗೆ ಬಂದರೆ ಲಾಭ. ತೆಂಗಿನಕಾಯಿ ದಕ್ಷಿಣದಿಂದ ಬರಬೇಕು. ದಿನಾ ಕಾಯಿ ತುರಿದು ಹಾಕುವ ಅಡುಗೆ ವಿಜಯಪುರದಲ್ಲಿ ತುಟ್ಟಿ ಬೀಳುತ್ತದೆ. ಅದೇ ಜಾಗಕ್ಕೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ ಬಂದರೆ ಪಲ್ಯಕ್ಕೆ ರುಚಿಯೂ ಬರುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ. ಸಮುದ್ರದ ಮೀನು ತಿನ್ನುವವರಿಗೆ ಬೆಳಗಾವಿ ಪರವಾಗಿಲ್ಲ, ಕರಾವಳಿ ಹತ್ತಿರ. ವಿಜಯಪುರದಲ್ಲಿ ಆ ಆಸೆ ತುಸು ಕಡಿಮೆ ಮಾಡಿಕೊಳ್ಳಬೇಕು.

ಜೋಳದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೊಟ್ಟಿಗೆ ಬೇಕಾದದ್ದು ಹಿಂಗಾರಿನ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ತಳಿ. 2025–26ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿಗೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ ಇಟ್ಟಿದೆ. ಕಿಲೋಗೆ ಸುಮಾರು ಮೂವತ್ತೇಳೂವರೆ ರೂಪಾಯಿ ಆಯಿತು. ಹಂಗಾಮಿನಲ್ಲಿ ಚಲೋ ಕಾಳು ಇದಕ್ಕಿಂತ ತೀರಾ ಕಡಿಮೆಗೆ ಬಂದರೆ ಒಂದು ಹಿಡಿ ಅಂಗೈಗೆ ಹಾಕಿಕೊಂಡು ನೋಡಿ. ಹಳೇ ಮಾಲಿರಬಹುದು, ಹುಳ ಹಿಡಿದಿರಬಹುದು. ಹೊಸ ಜೋಳ ಪೇಟೆಗೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ವರ್ಷದ ಜೋಳ ಆಗಲೇ ಹಿಡಿಯುತ್ತಾರೆ. ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಡುತ್ತಾರೆ. ತಿಂಗಳಿಗೆ ಬೇಕಾದಷ್ಟೇ ಗಿರಣಿಗೆ ಒಯ್ಯುತ್ತಾರೆ. ಯಾಕೆಂದರೆ ಹಳೇ ಹಿಟ್ಟು ಕಹಿ ಬರುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ. ತೊಗರಿಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣಿಗೂ ಇದೇ ಕ್ರಮ. ಬೇಸಿಗೆ ಹತ್ತುವ ಮುಂಚೆ ಒಮ್ಮೆಲೇ ದುಡ್ಡು ಹೋಗುತ್ತದೆ. ಆಮೇಲೆ ತಿಂಗಳ ಕಿರಾಣಿ ಚೀಟಿ ಸಣ್ಣದಾಗುತ್ತದೆ.

ರೊಟ್ಟಿ ಬಡಿಯಲು ಬಾರದವರಿಗೆ ಚಿಂತೆ ಬೇಡ. ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಮೂರೂ ಊರುಗಳಲ್ಲಿ ಇದ್ದಾರೆ. ಗಾಳಿಯಾಡದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಬ್ಬರೇ ಇರುವವರಿಗೆ ಅದಕ್ಕಿಂತ ಸೋವಿ ಊಟ ನನಗೆ ಗೊತ್ತಿಲ್ಲ. ಹೊರಗೆ ಉಣ್ಣುವುದಾದರೆ ಖಾನಾವಳಿಗೆ ಹೋಗಿ. ತಿಂಗಳ ಲೆಕ್ಕ ಬರೆಸಿದರೆ ದಿನದ ರೇಟಿಗಿಂತ ಕಡಿಮೆ ಬೀಳುತ್ತದೆ.

ಬಾಡಿಗೆದಾರರಿಗೆ ಗೃಹಜ್ಯೋತಿ ಸಿಗುತ್ತಾ? 200 ಯೂನಿಟ್ ಪೂರ್ತಿ ಫ್ರೀನಾ?

ಸಿಗುತ್ತದೆ. ಆದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ. ಆ ಮನೆಯ 2022–23ರ ತಿಂಗಳ ಸರಾಸರಿ ತೆಗೆದು, ಸಾಮಾನ್ಯವಾಗಿ ಅದಕ್ಕೆ ಶೇಕಡಾ 10 ಸೇರಿಸುತ್ತಾರೆ. ಸರಾಸರಿ 80 ಇದ್ದರೆ ನಿಮಗೆ ಫ್ರೀ 88 ಯೂನಿಟ್. 120 ಬಳಸಿದರೆ ಉಳಿದ 32ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಹಳೇ ಲೆಕ್ಕ ಇಲ್ಲದ ಹೊಸ ಮನೆಗೆ 58 ಯೂನಿಟ್ ಹಿಡಿಯುತ್ತಾರೆ.

ಬಾಡಿಗೆ ಮನೆಗೆ ಹೋಗುವ ಮುಂಚೆ ಎರಡು ವಿಷಯ ಕೇಳಿ. ಹಿಂದಿದ್ದವರು ತಮ್ಮ ಆಧಾರ್ ಡಿ-ಲಿಂಕ್ ಮಾಡಿಸಿದ್ದಾರಾ? ಮೀಟರ್ ಬೇರೆ ಇದೆಯಾ? ಮೂರು ಮನೆಗೆ ಒಂದೇ ಮೀಟರ್ ಇದ್ದರೆ 200 ಸುಲಭವಾಗಿ ದಾಟುತ್ತದೆ, ಮೂವರಿಗೂ ನಷ್ಟ. ಈ ಮೂರೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯಲ್ಲಿವೆ.

ಮೈಸೂರಿನಿಂದ ವಿಜಯಪುರಕ್ಕೆ ವರ್ಗ ಆಗಿದೆ. ಬೇಸಿಗೆಗೆ ಅಂತ ಬೇರೆ ದುಡ್ಡು ಎತ್ತಿಡಬೇಕಾ ಸರ್?

ಎತ್ತಿಡಿ. ಮಾರ್ಚ್ ಮಧ್ಯದಿಂದ ಜೂನ್ ಮೊದಲ ಮಳೆವರೆಗೆ ಬಿಸಿಲು 40 ಡಿಗ್ರಿ ಮುಟ್ಟುವುದು ಇಲ್ಲಿ ಮಾಮೂಲು. ಮೊದಲ ವರ್ಷ ಕೂಲರ್ ಕೊಳ್ಳಲೇಬೇಕಾಗುತ್ತದೆ. ಹವೆ ಒಣ ಇರುವುದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿ ಇಲ್ಲದೆಯೂ ನಡೆಯುತ್ತದೆ. ಕೂಲರಿಗೆ ದಿನಾ ನೀರು ಬೇಕು ಅನ್ನುವುದು ನೆನಪಿರಲಿ. ಮೇಲಿನ ಗೃಹಜ್ಯೋತಿ ಲೆಕ್ಕ ವರ್ಷದ ಸರಾಸರಿಯದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಬಳಕೆ ಅದನ್ನು ದಾಟುವ ಸಾಧ್ಯತೆ ಜಾಸ್ತಿ.

ಬೆಳಗಾವಿಗೆ ಹೋಗುವವರಿಗೆ ಇದು ತಿರುಗುಮುರುಗು. ಬೇಸಿಗೆ ಹಗುರ, ಆದರೆ ಮಳೆಗಾಲ ಜೋರು. ರೇನ್‌ಕೋಟು, ಒಣಗದ ಬಟ್ಟೆ, ಮಕ್ಕಳಿಗೆ ನೆಗಡಿ, ಆಟೋ ಖರ್ಚು ಎಲ್ಲ ಜುಲೈ, ಆಗಸ್ಟ್‌ನಲ್ಲಿ ಏರುತ್ತವೆ.

ನೀರಿಗೆ ಟ್ಯಾಂಕರ್ ತರಿಸ್ಬೇಕಾ?

ಬಡಾವಣೆ ನೋಡಿ ಹೇಳಬೇಕು. ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರಿಂದಲೇ 24 ಗಂಟೆ ನೀರು ಬರುತ್ತಿದೆ. ಹುಬ್ಬಳ್ಳಿ–ಧಾರವಾಡ, ಕಲಬುರಗಿ ಜೊತೆಗೆ ಪ್ರಯೋಗಕ್ಕೆ ಆರಿಸಿದ ಊರು ಅದು. ಪಕ್ಕದ ವಾರ್ಡಿನಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬರಬಹುದು. ಮಾಲೀಕರನ್ನು ಕೇಳಿದರೆ “ನೀರಿಗೇನೂ ತೊಂದರೆ ಇಲ್ಲ” ಅಂತಾರೆ. ಎದುರು ಮನೆಯ ಅಕ್ಕನವರನ್ನು ಕೇಳಿ: “ಅಕ್ಕಾರ, ಮೇ ತಿಂಗಳದಾಗ ನಳ ಎಷ್ಟ ದಿನಕ್ಕೊಮ್ಮೆ ಬರತೈತ್ರಿ?” ನಿಜವಾದ ಉತ್ತರ ಅಲ್ಲಿ ಸಿಗುತ್ತದೆ.

ಶಕ್ತಿ ಯೋಜನೆ ಇದ್ರೆ ಹಳ್ಳಿಯಿಂದಲೇ ಓಡಾಡಬಹುದಲ್ವಾ?

ಹೆಣ್ಣುಮಕ್ಕಳಿಗೆ ಖಂಡಿತ ಲಾಭ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗಂಡಸರಿಗೆ 2025ರ ಜನವರಿಯಲ್ಲಿ ದರ ಶೇಕಡಾ 15 ಏರಿದೆ. ದಿನಾ ಓಡಾಡುವವರು ಪಾಸ್ ಮಾಡಿಸಿಕೊಳ್ಳಿ.

ಮನೆಯಲ್ಲಿ ಎಮ್ಮೆ, ಹೊಲದ ಜೋಳ ಇದ್ದವರು ಸುಮ್ನೆ ಊರು ಬಿಡಬೇಡಿ. ಬಾಡಿಗೆ, ಹಾಲು, ಕಾಳು ಮೂರೂ ಉಳಿಯುತ್ತವೆ. ಒಂದು ಬದಿಗೆ ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಮಾತ್ರ ಮತ್ತೆ ಯೋಚನೆ ಮಾಡಿ. ಕೊನೆಯ ಬಸ್ಸು ಎಷ್ಟಕ್ಕೆ ಅನ್ನುವುದೂ ಮುಖ್ಯ. ಅದು ತಪ್ಪಿದ ದಿನದ ಖರ್ಚು ದೊಡ್ಡದು.

ಆಸ್ಪತ್ರಿ ಖರ್ಚಿಗೆ ಏನ್ ಮಾಡೂದ್ರಿ?

ಈ ಭಾಗದ ಸಂಸಾರಗಳನ್ನು ಸಾಲಕ್ಕೆ ತಳ್ಳುವ ಖರ್ಚು ಇದು. ಅದಕ್ಕೇ ಮುಂಚೆಯೇ ಯೋಚಿಸಿ. ಸಾಮಾನ್ಯ ಕಾಯಿಲೆಗೆ ಮೂರೂ ಊರುಗಳಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಬೆಳಗಾವಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಿಮ್ಸ್ ಇದೆ. ವಿಜಯಪುರ, ಬಾಗಲಕೋಟೆಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಜಿಲ್ಲಾ ಆಸ್ಪತ್ರೆಗಳಿವೆ. ದೊಡ್ಡ ಕಾಯಿಲೆ ಬಂದಾಗ ವಿಜಯಪುರದವರು ಸೊಲ್ಲಾಪುರಕ್ಕೆ, ಅಥಣಿ–ಚಿಕ್ಕೋಡಿಯವರು ಮಿರಜ್‌ಗೆ ಹೋಗುವುದು ಹಳೇ ರೂಢಿ. ಕ್ಯಾನ್ಸರ್‌ಗೆ ಬೆಂಗಳೂರಿನ ಕಿದ್ವಾಯಿಗೆ ಹೋಗುವವರೂ ಇದ್ದಾರೆ. ವಿಜಯಪುರದಿಂದ ಅದು ಐನೂರು ಕಿಲೋಮೀಟರಿಗೂ ಹೆಚ್ಚು ದೂರ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ರೋಗಿಯ ಜೊತೆ ಹೋದವರ ಊಟ, ರೂಮು, ಬಿಟ್ಟುಹೋದ ದಿನಗೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಸೊಲ್ಲಾಪುರದ ಬಸ್ಸು ಅಂತರರಾಜ್ಯ, ಅಲ್ಲಿ ಶಕ್ತಿ ಟಿಕೆಟ್ಟೂ ನಡೆಯುವುದಿಲ್ಲ. ಗಡಿ ದಾಟುವ ಮುಂಚೆ, ಹೋಗಲಿರುವ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತಾ ಅಂತ ಫೋನ್ ಮಾಡಿ ಕೇಳಿ. ಎಪಿಎಲ್ ಕುಟುಂಬದವರು ಮನೆಯಲ್ಲಿ ವಯಸ್ಸಾದವರಿದ್ದರೆ ಬಾಡಿಗೆಯಲ್ಲಿ ಉಳಿದ ದುಡ್ಡಿನಿಂದ ಮೊದಲು ಆರೋಗ್ಯ ವಿಮೆ ಮಾಡಿಸಿ, ಆಮೇಲೆ ಬೇರೆ ಉಳಿತಾಯ.

ಬೆಳಗಾವಿಗೆ ಮಗಳನ್ನು ಕಾಲೇಜಿಗೆ ಸೇರಿಸಬೇಕು. ಡಿಸೆಂಬರ್‌ನಲ್ಲಿ ಬಂದು ರೂಮ್ ನೋಡಬಹುದಾ?

ಆದಷ್ಟು ಬೇರೆ ತಿಂಗಳು ಬನ್ನಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಲಾಡ್ಜ್ ಸಿಗುವುದೇ ಕಷ್ಟ, ಸಿಕ್ಕರೂ ತುಟ್ಟಿ. ಹಾಸ್ಟೆಲ್ಲಿಗೆ ಮೊದಲು ಅರ್ಜಿ ಹಾಕಿ. ಸಿಗದಿದ್ದರೆ ಇಬ್ಬರು ಮೂವರು ಸೇರಿ ಮನೆ ಹಿಡಿಯುವುದು ಪಿಜಿಗಿಂತ ಸೋವಿ.

## ಲೆಕ್ಕ ಇನ್ನೂ ಆಳಕ್ಕೆ

ಬೆಂಗಳೂರಾಗ 60 ಸಾವಿರ ಪಗಾರ, ಬೆಳಗಾವ್ಯಾಗ 40 ಸಾವಿರ. ಯಾವುದು ಲಾಭ ರೀ?

ಒಂದು ಉದಾಹರಣೆ ಹಿಡಿಯೋಣ. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ. ಗಂಡ, ಹೆಂಡತಿ, ಒಂದು ಮಗು. ಬೆಂಗಳೂರಿನಲ್ಲಿ ಮೆಂಟೆನೆನ್ಸ್, ನೀರು ಸೇರಿ ಮನೆಗೆ 22,000, ಬೆಳಗಾವಿಯಲ್ಲಿ 9,000 ಅಂದುಕೊಳ್ಳಿ. ಇಲ್ಲೇ 13,000 ಉಳಿಯಿತು. ಓಡಾಟದಲ್ಲಿ 2,000, ಶಾಲೆ ಮತ್ತು ವ್ಯಾನಿನಲ್ಲಿ 3,000. ಹಬ್ಬ, ಜಾತ್ರೆ, ಮದುವೆಗೆ ಊರಿಗೆ ಬಂದುಹೋಗುವ ಖರ್ಚನ್ನು ತಿಂಗಳಿಗೆ ಹಂಚಿದರೆ 2,000. ಒಟ್ಟು 20,000. ಎರಡೂ ಸಮ ಆದವು.

ಇಷ್ಟಕ್ಕೇ ನಿಲ್ಲಿಸಬೇಡಿ. ಪಿಎಫ್, ಗ್ರಾಚ್ಯುಯಿಟಿ, ವರ್ಷದ ಏರಿಕೆ ಎಲ್ಲ ಪಗಾರದ ಮೇಲೆ ಲೆಕ್ಕ. ಶೇಕಡಾ 8 ಏರಿದರೆ ಅಲ್ಲಿ 4,800, ಇಲ್ಲಿ 3,200. ಐದು ವರ್ಷದಲ್ಲಿ ಅಂತರ ಬೆಳೆಯುತ್ತದೆ. ಈ ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತಾ ಅನ್ನುವುದನ್ನೂ ಕೇಳಿಕೊಳ್ಳಿ. ನನ್ನ ಅಭಿಪ್ರಾಯ: ಸ್ವಂತ ಮನೆ ಇದ್ದು, ತಂದೆತಾಯಿ ಇಲ್ಲೇ ಇದ್ದರೆ 40 ಸಾವಿರದ ಕೆಲಸ ಧೈರ್ಯವಾಗಿ ಹಿಡಿಯಿರಿ. ಇಪ್ಪತ್ತೈದರ ವಯಸ್ಸು, ಹೊಸ ಕೆಲಸ ಕಲಿಯುವ ಹೊತ್ತು ಎಂದಾದರೆ ಕೆಲವು ವರ್ಷ ಅಲ್ಲೇ ಇರಿ.

ನಾನು ರೈಲ್ವೆ ನೌಕರ. ಬೆಳಗಾವಿಯಿಂದ ವಿಜಯಪುರಕ್ಕೆ ಹೋದರೆ ಎಚ್‌ಆರ್‌ಎ ಯಾಕೆ ಅರ್ಧ ಆಗುತ್ತೆ?

ಎಚ್‌ಆರ್‌ಎ ಅಂದರೆ ಮನೆ ಬಾಡಿಗೆ ಭತ್ಯೆ. ಅದಕ್ಕೆ ಕೇಂದ್ರ ಸರ್ಕಾರ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ವರ್ಗ ಮಾಡಿದೆ. ಬೆಂಗಳೂರು ಎಕ್ಸ್. ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿ ವೈ. ವಿಜಯಪುರ, ಬಾಗಲಕೋಟೆ ಝಡ್. 7ನೇ ವೇತನ ಆಯೋಗದ ಲೆಕ್ಕದಲ್ಲಿ ತುಟ್ಟಿಭತ್ಯೆ ಶೇಕಡಾ 50 ಮುಟ್ಟಿದ ಮೇಲೆ ಈ ಮೂರು ವರ್ಗಕ್ಕೆ ಶೇಕಡಾ 30, 20, 10 ಆಯಿತು. ಮೂಲ ವೇತನ 40,000 ಇದ್ದರೆ ಬೆಂಗಳೂರಿನಲ್ಲಿ 12,000, ಬೆಳಗಾವಿಯಲ್ಲಿ 8,000, ವಿಜಯಪುರದಲ್ಲಿ 4,000.

ಈ ವರ್ಗ ನಿಂತಿರುವುದು ಜನಸಂಖ್ಯೆ ಮೇಲೆ. ಊರಿನ ನಿಜವಾದ ಬಾಡಿಗೆ ನೋಡಿ ಮಾಡಿದ್ದಲ್ಲ. ವಿಜಯಪುರದ ಒಳ್ಳೆಯ ಬಡಾವಣೆಯಲ್ಲಿ ಬಾಡಿಗೆ ಬೆಳಗಾವಿಯ ಅರ್ಧಕ್ಕೆ ಇಳಿದಿರುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುವವರಿಗೆ ಕ್ವಾರ್ಟರ್ಸ್ ಸಿಕ್ಕರೆ ಬಿಡಬೇಡಿ ಅಂತಲೇ ಹೇಳುತ್ತೇನೆ.

ಬೆಲೆ ಸೂಚ್ಯಂಕದಲ್ಲಿ ಬೆಳಗಾವಿ ಅಂಕಿ ಬೇರೆ ಊರಿಗಿಂತ ಮೇಲಿದ್ದರೆ ಬೆಳಗಾವಿ ತುಟ್ಟಿ ಅಂತ ತಾನೇ?

ಅಲ್ಲ. ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ರೇಟು ಸಂಗ್ರಹಿಸುವ ಊರುಗಳಲ್ಲಿ ಬೆಳಗಾವಿಯೂ ಒಂದು. ಅಲ್ಲಿ ಪ್ರತಿ ಊರಿನ 2016ರ ಬೆಲೆಯನ್ನು 100 ಅಂತ ಹಿಡಿದಿದ್ದಾರೆ. ಆಗ ಒಂದು ಊರಿನಲ್ಲಿ ಮನೆಗೆ 15,000, ಇನ್ನೊಂದರಲ್ಲಿ 5,000 ಇದ್ದರೂ ಎರಡಕ್ಕೂ ಆರಂಭ 100. ಆಮೇಲೆ 5,000ದ್ದು 7,500 ಆದರೆ ಅಂಕಿ 150. 15,000ದ್ದು 21,000 ಆದರೆ 140. ಅಂಕಿ ಮೇಲಿರುವುದು 5,000ದ ಊರಲ್ಲಿ, ಆದರೆ ಜೇಬಿನಿಂದ ಜಾಸ್ತಿ ಹೋಗುವುದು 15,000ದ ಊರಲ್ಲಿ. ಒಂದು ಊರಿನಲ್ಲಿ ಬೆಲೆ ಎಷ್ಟು ಬೇಗ ಏರಿದೆ ಅನ್ನುವುದಕ್ಕೆ ಸೂಚ್ಯಂಕ ನೋಡಿ. ಊರಿಂದ ಊರಿಗೆ ಹೋಲಿಸಲು ಅದು ಬರುವುದಿಲ್ಲ.

ಖರ್ಚಿನ ಸರ್ಕಾರಿ ಅಂಕಿ ಏನಾದ್ರೂ ಇದೆಯಾ?

ಇದೆ. 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,397 ರೂಪಾಯಿ, ನಗರದಲ್ಲಿ 7,666 ರೂಪಾಯಿ. ದೇಶದ ಸರಾಸರಿ 3,773 ಮತ್ತು 6,459. ಇದು ಜನ ಮಾಡಿದ ಖರ್ಚು, ಅವರಿಗೆ ಬೇಕಾಗಿದ್ದ ಖರ್ಚಲ್ಲ. ದುಡ್ಡಿಲ್ಲದೆ ಚಿಕಿತ್ಸೆ ಮುಂದೂಡಿದ ಮನೆಯ ಖರ್ಚು ಇಲ್ಲಿ ಕಡಿಮೆ ಅಂತಲೇ ಕಾಣುತ್ತದೆ. ನಗರದ ಸರಾಸರಿಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಹಾಗಾಗಿ ಬಾಗಲಕೋಟೆಗೆ 7,666 ಅಂತ ನೇರವಾಗಿ ಹಾಕಿಕೊಳ್ಳಬೇಡಿ.

ಸಾಮಾನು ಸೋವಿ ಇದ್ರೂ ನಮ್ಮ ಮಂದಿ ಪುಣೆ, ಗೋವಾ, ಬೆಂಗಳೂರಿಗೆ ದುಡಿಯಾಕ ಯಾಕ ಹೋಗ್ತಾರ?

ಖರ್ಚು ಇಳಿದಷ್ಟಕ್ಕಿಂತ ಗಳಿಕೆ ಹೆಚ್ಚು ಇಳಿದಿದೆ, ಅದಕ್ಕೆ. ಬೆಳಗಾವಿ, ವಿಜಯಪುರ ಜಿಲ್ಲೆಗಳ ತಲಾ ಆದಾಯ ರಾಜ್ಯದ ಸರಾಸರಿಗಿಂತ ಕೆಳಗಿದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿ, ಉತ್ತರ ಕರ್ನಾಟಕದ ಕೊರತೆಯನ್ನು ಅಂಕಿಅಂಶದ ಸಮೇತ ಮುಂದಿಟ್ಟಿತ್ತು. ಮಳೆ ನಂಬಿದ ಹೊಲದಲ್ಲಿ ಹಿಂಗಾರು ಮುಗಿದ ಮೇಲೆ ಕೆಲಸ ಇರುವುದಿಲ್ಲ. ಕಬ್ಬು ಇರುವ ಕಡೆ ಕಾರ್ಖಾನೆ ಹಂಗಾಮಿನಲ್ಲಿ ಕೂಲಿ ಸಿಗುತ್ತದೆ, ಆಮೇಲೆ ಅಲ್ಲೂ ಇಲ್ಲ. ರಬಕವಿ–ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡದ ನೇಕಾರರಿಗೆ ನೂಲಿನ ರೇಟು ಏರಿದಾಗ ಮಜೂರಿ ಏರುವುದಿಲ್ಲ.

ಹೀಗಾಗಿ ಒಂದೇ ಮನೆಯವರು ಎರಡು ಕಡೆ ಒಲೆ ಹಚ್ಚುತ್ತಾರೆ. ಪುಣೆಯ ರೂಮಿಗೆ ಬಾಡಿಗೆ, ಇಲ್ಲಿ ಮುದುಕರ ಔಷಧಿ, ಮಕ್ಕಳ ಶಾಲೆ, ನಡುವೆ ಬಸ್ಸಿನ ಟಿಕೆಟ್ಟು. ಇಂಥ ಮನೆಯವರು ಲೆಕ್ಕ ಹಾಕುವಾಗ ಎರಡೂ ಒಲೆಯ ಖರ್ಚನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಮೂರು ತಿಂಗಳ ಲೆಕ್ಕ ಸಿಕ್ಕರೆ, ಊರಿನಲ್ಲೇ ಎಷ್ಟು ಪಗಾರ ಸಿಕ್ಕರೆ ವಾಪಸ್ ಬರಬಹುದು ಅನ್ನುವ ಅಂಕಿ ನಿಮಗೇ ಸಿಗುತ್ತದೆ. ಅದು ಈಗಿನ ಪಗಾರಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ.